ಬಾಗಿಲಿಲ್ಲದ ಕಾರಿಗೆ ಬಾಗಿಲು ಕೊರೆದ ವರ್ಷ

ಕಳೆದ ತಿಂಗಳು ಜರ್ಸಿ ಸಿಟಿಯಲ್ಲಿರುವ ಮೊಮ್ಮಗಳು ಅನನ್ಯಾಳ ಅಪಾರ್ಟ್‌ಮೆಂಟಿಗೆ ಹೋಗಿದ್ದೆ. ಅವಳ ಬಾತ್‌ಟಬ್ಬಿನ ತಳ ಸೀಳಿತ್ತು. ರಿಪೇರಿಯವನೊಬ್ಬ ಬಂದು ಬಿಳಿ ಎಳೆಗಳ ಹಾಸು ಹಾಸಿ, ಅದರ ಮೇಲೆ ಜೇನಿನ ಬಣ್ಣದ ದ್ರವ ಬಳಿಯುತ್ತಿದ್ದ. ವಾಸನೆ ಲಿವಿಂಗ್ ರೂಮಿನವರೆಗೂ ಬಂತು. ಅನನ್ಯಾ ಕಿಟಕಿ ತೆರೆಯಲು ಓಡಿದಳು. "ಅಜ್ಜಿ, ಡೋಂಟ್ ಬ್ರೀದ್ ದಟ್! ಇಟ್ಸ್ ಟಾಕ್ಸಿಕ್!" ಎಂದು ಕೂಗಿದಳು. ನಾನು ಕುರ್ಚಿಯನ್ನು ಬಾತ್‌ರೂಮಿನ ಬಾಗಿಲಿಗೇ ಎಳೆದುಕೊಂಡು ಕೂತು, ಎದೆ ತುಂಬ ಉಸಿರೆಳೆದೆ. ಆಮೇಲೆ ಆ ಮನುಷ್ಯನಿಗೆ, ಬ್ರಷ್ಷನ್ನು ಹಾಗೆ ಎಳೆಯಬಾರದಪ್ಪ, ತಟ್ಟಬೇಕು, ಇಲ್ಲದಿದ್ದರೆ ಗುಳ್ಳೆ ಉಳಿಯುತ್ತದೆ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಅವನು ತಿರುಗಿ ನನ್ನ ಸೀರೆ, ಬಿಳಿಕೂದಲು, ಉಣ್ಣೆಯ ಕಾಲುಚೀಲ ಎಲ್ಲವನ್ನೂ ನೋಡಿದ. "ಮ್ಯಾಮ್, ನೀವು ಈ ಕೆಲಸ ಮಾಡಿದ್ದೀರಾ?" ಎಂದು ಕೇಳಿದ. ಮಾಡಿದ್ದೇನೆ. ನಿನ್ನ ಹಾಗೆ ಟಬ್ಬಿನ ತಳಕ್ಕೆ ತೇಪೆ ಹಾಕಿದ್ದಲ್ಲ, ಒಂದು ಇಡೀ ಕಾರು ಮಾಡಿದ್ದೇನೆ.

ಅದು ೧೯೭೩ರ ಬೇಸಿಗೆಯಿಂದ ಮರುವರ್ಷದ ಯುಗಾದಿಯವರೆಗಿನ ಮಾತು. ಆಗ ನಾವು ಕೆಂಡಲ್ ಪಾರ್ಕಿನಲ್ಲಿದ್ದೆವು. ನನ್ನ ಗಂಡ ರಂಗನಾಥ್ ಮೈಸೂರಿನವರು, ಸೇತುವೆಗಳ ಲೆಕ್ಕ ಹಾಕುವ ಸ್ಟ್ರಕ್ಚರಲ್ ಇಂಜಿನಿಯರ್. ಬದುಕಿದ್ದಾಗ ಅವರನ್ನು ಹೆಸರು ಹಿಡಿದು ಕರೆದವಳಲ್ಲ. ಈಗ ಬರೆಯುತ್ತಿದ್ದೇನೆ, ಯಾರು ಬೇಡವೆನ್ನುತ್ತಾರೆ ನೋಡೋಣ. ನಾನು ಧಾರವಾಡದವಳು. ಬಿ.ಎಸ್ಸಿ. ಮುಗಿಸಿ, ಮದುವೆಯಾಗಿ ಬಂದು, ವೀಸಾದ ದೆಸೆಯಿಂದ ಕೆಲಸಕ್ಕೆ ಹೋಗಲಾಗದೆ ಮನೆಯಲ್ಲಿ ಕೂತವಳು. ಬೆಳಗ್ಗೆ ಏಳಕ್ಕೆ ಮುಂಚೆಯೇ ಅವರು ದೊಡ್ಡ ಸ್ಟೇಷನ್ ವ್ಯಾಗನ್ನಿನಲ್ಲಿ ಕೂತು ನ್ಯೂಯಾರ್ಕ್ ಟ್ರೇನಿಗೆ ಹೊರಟರೆ ನನಗಿದ್ದ ದಾರಿ ನನ್ನ ಪುಟ್ಟ ಕಾರೊಂದೇ. ಹಿಂದುಗಡೆ ಇಂಜಿನ್ ಇರುವ ಹಳೆಯ ಜರ್ಮನ್ ಕಾರು ಅದು. ಕಾಗದಪತ್ರ ನನ್ನ ಹೆಸರಿನಲ್ಲಿತ್ತು. ಲೈಬ್ರರಿ, ತರಕಾರಿ, ಒಮ್ಮೊಮ್ಮೆ ಸುಮ್ಮನೆ ಕ್ರ್ಯಾನ್‌ಬರಿಯ ಆಲೂಗಡ್ಡೆ ಹೊಲಗಳ ನಡುವೆ ಒಂದು ಸುತ್ತು, ಇಷ್ಟಕ್ಕೆ ಸಾಕಾಗಿತ್ತು.

ಆ ಜುಲೈನಲ್ಲಿ ಬಂದ ಗುಡುಗು ಮಳೆಗೆ ನಮ್ಮ ಅಂಗಳದ ಮೇಪಲ್ ಮರದ ಅರ್ಧ ಭಾಗ ಮುರಿದು ಆ ಕಾರಿನ ಮೇಲೆ ಬಿತ್ತು. ಛಾವಣಿ, ಕಿಟಕಿ, ಬಾಗಿಲು ಎಲ್ಲ ಅಪ್ಪಚ್ಚಿ. ಇಂಜಿನ್ನು, ಗಾಲಿ, ತಳದ ಹಲಗೆಗೆ ಮಾತ್ರ ಏನೂ ಆಗಿರಲಿಲ್ಲ. ರಂಗನಾಥ್ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು.

"ಸ್ಕ್ರ್ಯಾಪ್‌ನೋರಿಗೆ ಫೋನ್ ಮಾಡ್ತೀನಿ. ಒಂದೆರಡು ವರ್ಷ ಹೋಗ್ಲಿ, ಇನ್ನೊಂದು ನೋಡೋಣ. ನಿನಗೆ ಹೋಗೋದಾದ್ರೂ ಎಲ್ಲಿಗಿರತ್ತೆ ಸುಮಿ?"

ಕೆಟ್ಟ ಮನಸ್ಸಿನಿಂದ ಆಡಿದ ಮಾತಲ್ಲ ಅದು. ಅದಕ್ಕೇ ಇನ್ನೂ ಹೆಚ್ಚು ಉರಿಯಿತು. ಸ್ಕ್ರ್ಯಾಪಿನವನು ಬಂದಾಗ ನಾನು ಅಂಗಳದಲ್ಲಿ ನಿಂತು, ಈ ಕಾರು ನನ್ನದು, ಕೊಡುವುದಿಲ್ಲ ಎಂದು ವಾಪಸು ಕಳಿಸಿದೆ.

ಇದನ್ನು ರಸ್ತೆಯಾಚೆಯಿಂದ ನೋಡುತ್ತಿದ್ದವಳು ಡೊಲೋರೆಸ್. ಶಾಲಾ ಬಸ್ಸು ಓಡಿಸುವ ನಲವತ್ತೈದರ ಹೆಂಗಸು, ಗಂಡ ಬಿಟ್ಟು ಹೋಗಿ ಮೂರು ವರ್ಷವಾಗಿತ್ತು. ಕೈ ಹಿಡಿದು ತನ್ನ ಗ್ಯಾರೇಜಿಗೆ ಕರೆದೊಯ್ದಳು. ಅಲ್ಲಿ ಹಳೆಯ ಕಂಬಳಿಗಳ ಕೆಳಗೆ ಒಂದು ಫೈಬರ್‌ಗ್ಲಾಸ್ ಕಾರಿನ ಮೈ ಇತ್ತು. ಇಂಜಿನ್ನಿಲ್ಲ, ಗಾಲಿಯಿಲ್ಲ, ಮೇಲೆ ಛಾವಣಿಯೂ ಇಲ್ಲ, ಬರೀ ಚಿಪ್ಪು. ಆ ಕಾಲದಲ್ಲಿ ಇಂಥವನ್ನು ಪೋಸ್ಟಿನಲ್ಲಿ ಆರ್ಡರ್ ಮಾಡಿ ತರಿಸಿಕೊಂಡು, ನನ್ನದರಂಥ ಹಳೆಯ ಕಾರಿನ ತಳದ ಮೇಲೆ ಕೂರಿಸಿ ಸ್ಪೋರ್ಟ್ಸ್ ಕಾರು ಮಾಡಿಕೊಳ್ಳುವ ಹುಚ್ಚು ಗಂಡಸರಿಗೆ ಜೋರಾಗಿತ್ತು. ಅವಳ ಗಂಡ ಹತ್ತು ವರ್ಷದ ಹಿಂದೆ ತರಿಸಿ, ಮುಟ್ಟದೆ ಬಿಟ್ಟಿದ್ದ.

"ಅವನು ಬಂದು ಕೇಳಿದರೆ ಕೊಡಲ್ಲ. ನೀನು ಕೇಳದೇ ಇದ್ದರೂ ಕೊಡ್ತೀನಿ. ಟೇಕ್ ಇಟ್, ಹನಿ," ಎಂದಳು.

ಚಿಪ್ಪಿನ ತುಂಬ ಸೀಳುಗಳು, ಮೂಗಿನ ಬಳಿ ಒಂದು ತೂತು. ಅದು ದೊಡ್ಡ ಮಾತಾಗಿರಲಿಲ್ಲ. ದೊಡ್ಡ ಮಾತೆಂದರೆ, ಅದಕ್ಕೆ ಬಾಗಿಲೇ ಇರಲಿಲ್ಲ. ಸೊಂಟದ ಎತ್ತರದ ಅಂಚನ್ನು ಕಾಲೆತ್ತಿ ದಾಟಿ, ಒಳಗೆ ಜಾರಿ ಕೂರಬೇಕು. ಮಾಡಿದವರು ಹಾಗೆಯೇ ಮಾಡಿದ್ದರು. ಡೊಲೋರೆಸ್ ಒಂದು ಸಲ ದಾಟಿ ಕೂತು ತೋರಿಸಿದಳು. ನಾನು ಸೀರೆಯಲ್ಲಿ ನಿಂತು ನೋಡಿದೆ. "ಪ್ಯಾಂಟ್ಸ್ ಹಾಕ್ಕೊಂಡರಾಯ್ತು," ಎಂದಳು.

ಪ್ಯಾಂಟು ಹಾಕುವುದು ಪಾಪವೆಂದು ನಾನೇನೂ ಅಂದುಕೊಂಡಿರಲಿಲ್ಲ. ಆದರೆ ಈ ದೇಶಕ್ಕೆ ಬಂದಾಗಿನಿಂದ ಬದಲಾಗುತ್ತ ಬಂದವಳು ನಾನೊಬ್ಬಳೇ. ಉಣ್ಣುವ ಹೊತ್ತು ಬದಲಾಯಿಸಿದೆ, ಹೆಸರು ಮೊಟಕು ಮಾಡಿಕೊಂಡೆ, ಅರ್ಥವಾಗದ ತಮಾಷೆಗೂ ನಗುವುದು ಕಲಿತೆ. ಒಂದು ವಸ್ತುವಾದರೂ ನನಗಾಗಿ ಬದಲಾಗಲಿ ಎನ್ನುವ ಹಟ ಬಂತು. ರಂಗನಾಥ್ ಸಂಜೆ ಬಂದು ನಕ್ಕಾಗ ಹೇಳಿದೆ:

"ಸೀರಿ ಉಟ್ಟಾಕಿ ಹತ್ತಲಿಕ್ಕೆ ಆಗೂದಿಲ್ಲ ಅಂದ್ರ ಸೀರೀದೇನೂ ತಪ್ಪಿಲ್ಲ, ಕಾರಿಂದ ತಪ್ಪು. ಎರಡೂ ಕಡೆ ಬಾಗ್ಲಾ ಕೊರೀತೀನಿ."

ಅವರು ನಗು ನಿಲ್ಲಿಸಿದರು. ಇಂಜಿನಿಯರ್ ಎಚ್ಚರಗೊಂಡಿದ್ದ. ಒಂದು ಲಕೋಟೆಯ ಬೆನ್ನ ಮೇಲೆ ಚಿತ್ರ ಬರೆದು ತೋರಿಸಿದರು. ಈ ಚಿಪ್ಪು ರಟ್ಟಿನ ಪೆಟ್ಟಿಗೆಯ ಹಾಗೆ. ಪಕ್ಕದ ಗೋಡೆ ಕತ್ತರಿಸಿದರೆ ನಡುವಿನಲ್ಲಿ ಮಡಚಿಕೊಳ್ಳುತ್ತದೆ. "ರಸ್ತೇಲಿ ಒಂದೇ ಒಂದು ಹೊಂಡ ಸಿಗ್ಲಿ, ನಿನ್ನ ಬಾಗಿಲು ಬಾಯಿ ಬಿಡತ್ತೆ, ಆಮೇಲೆ ಮುಚ್ಚೋದೇ ಇಲ್ಲ," ಎಂದರು. ಎಲ್ಲಿ ಮೊದಲು ಸೀಳುತ್ತದೆ ಎಂದು ಎರಡು ಬಾಣದ ಗುರುತು ಹಾಕಿ ಕೊಟ್ಟರು. ನಾನು ಲಕೋಟೆಯನ್ನು ಮಡಿಸಿ ಮಸಾಲೆ ಡಬ್ಬದ ಕೆಳಗೆ ಇಟ್ಟುಕೊಂಡೆ.

ಆಗಸ್ಟಿನಲ್ಲಿ ಡೊಲೋರೆಸ್ ತನ್ನ ಜೊತೆಯ ಮೂವರು ಬಸ್ ಡ್ರೈವರಮ್ಮಂದಿರನ್ನು ಕರೆತಂದಳು. ಜಜ್ಜಿದ ಮೈಯನ್ನು ಬೋಲ್ಟು ಬಿಚ್ಚಿ ಎಸೆದು, ಈ ಚಿಪ್ಪನ್ನು ಐವರೂ ಸೇರಿ ಎತ್ತಿ ತಂದು, ನಮ್ಮ ಗ್ಯಾರೇಜಿನಲ್ಲಿ ನನ್ನ ಕಾರಿನ ತಳದ ಮೇಲೆ ಕೂರಿಸಿದೆವು. ಕೆಲಸ ಅಲ್ಲಿಂದ ಶುರುವಾಯಿತು. ರೂಟ್ ಒನ್ನಿನಲ್ಲಿ ದೋಣಿ ಸಾಮಾನು ಮಾರುವ ಅಂಗಡಿಯಲ್ಲಿ ಗಾಜಿನ ಎಳೆಗಳ ಹಾಸು ಮತ್ತು ರೆಸಿನ್ ಎಂಬ ಆ ಜೇನಿನಂಥ ದ್ರವ ಸಿಗುತ್ತಿತ್ತು. ಅಂಗಡಿಯವನು ಪ್ರತಿ ಸಲವೂ, ನಿಮ್ಮ ಗಂಡನಿಗೆ ಹೀಗೆ ಹೇಳಿ, ಹಾಗೆ ಹೇಳಿ ಎನ್ನುತ್ತಿದ್ದ. ಮೂರನೆಯ ಸಲ, ನನ್ನ ಗಂಡ ಸತ್ತಿದ್ದಾನೆ, ನನಗೇ ಹೇಳು ಎಂದುಬಿಟ್ಟೆ. ಅಂದಿನಿಂದ ಮರ್ಯಾದೆಯಾಗಿ ನನಗೇ ಹೇಳತೊಡಗಿದ.

ಅವನು ಹೇಳಿದ್ದರಲ್ಲಿ ಹೆಚ್ಚಿನದು ನನಗೆ ಗೊತ್ತಿದ್ದದ್ದೇ. ಧಾರವಾಡದಲ್ಲಿ ನಮ್ಮಜ್ಜಿ ಸವೆದ ಮೊರ, ಬುಟ್ಟಿಗಳಿಗೆ ಮೆಂತ್ಯ ರುಬ್ಬಿ ನೆನೆಸಿದ ಕಾಗದ ಮೆತ್ತುತ್ತಿದ್ದಳು. ತೆಳ್ಳಗೆ ಒಂದು ಪದರ, ಒಣಗಿದ ಮೇಲೆ ಇನ್ನೊಂದು, ಮೂಲೆಗಳಿಗೆ ಹಳೆ ಪಂಚೆಯ ಚೂರು. ಒಮ್ಮೆಗೇ ದಪ್ಪ ಮೆತ್ತಿದರೆ ಒಳಗೆ ಹಸಿ ಉಳಿಯುತ್ತದೆ ಎಂದು ಕೈಗೆ ಹೊಡೆಯುತ್ತಿದ್ದಳು. ಇಲ್ಲಿಯೂ ಅದೇ. ಬಿಳಿ ಹಾಸು ರೆಸಿನ್ ಕುಡಿದು ಪಾರದರ್ಶಕವಾಗಬೇಕು, ಗುಳ್ಳೆ ಉಳಿಯಬಾರದು. ಗುಳ್ಳೆ ಹೊಡೆಯಲು ಗೆರೆಗೆರೆಯ ಉರುಳೆ ಬೇಕೆಂದ ಅಂಗಡಿಯವನು. ಅಮ್ಮ ಕೊಟ್ಟು ಕಳಿಸಿದ್ದ ಗೆರೆ ಲಟ್ಟಣಿಗೆ ಮನೆಯಲ್ಲೇ ಇತ್ತು. ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ ಹಪ್ಪಳ ಒತ್ತಿದ ಹಾಗೆ ಒತ್ತಿದೆ. ಗಾಜಿನ ನವೆ ಮೈಗೆಲ್ಲ ಹತ್ತಿ ವಾರಗಟ್ಟಲೆ ಕೆರೆದುಕೊಂಡೆ. ಅದಕ್ಕೆ ಮೆಂತ್ಯದಲ್ಲಿ ಉತ್ತರವಿರಲಿಲ್ಲ.

ತಪ್ಪು ಮಾಡಿದ್ದು ಚಳಿ ಬಂದ ಮೇಲೆ. ರೆಸಿನ್ ಗಟ್ಟಿಯಾಗಲು ಕೆಲವು ಹನಿ ಮದ್ದು ಬೆರೆಸಬೇಕು. ಡಿಸೆಂಬರ್ ಹೊತ್ತಿಗೆ ಗ್ಯಾರೇಜು ಎಷ್ಟು ತಣ್ಣಗಾಯಿತೆಂದರೆ, ಬಾಗಿಲಿನ ಚಿಲಕ ಕೂರಿಸಲು ಮಾಡಿದ ತಟ್ಟೆಯಗಲದ ತುಂಡು ಮೂರು ದಿನವಾದರೂ ಅಂಟಂಟಾಗಿಯೇ ಇತ್ತು. ಚಳಿಗಾಲದಲ್ಲಿ ಮೊಸರಿಗೆ ಏನು ಮಾಡುತ್ತೇವೆ? ಹೆಪ್ಪು ಸ್ವಲ್ಪ ಹೆಚ್ಚು ಹಾಕುತ್ತೇವೆ, ಬೆಚ್ಚಗಿನ ಜಾಗದಲ್ಲಿಡುತ್ತೇವೆ. ಇಲ್ಲಿ ನಾವೆಲ್ಲ ಮೊಸರು ಹೆಪ್ಪು ಹಾಕುತ್ತಿದ್ದದ್ದು ಗ್ಯಾಸ್ ಅವನ್ನಿನೊಳಗೆ. ಸದಾ ಉರಿಯುವ ಪೈಲಟ್ ಲೈಟಿನ ಸಣ್ಣ ಶಾಖಕ್ಕೆ ಸೊಗಸಾಗಿ ಕೂರುತ್ತಿತ್ತು. ನಾನು ಹೊಸದಾಗಿ ಒಂದು ತುಂಡು ಮಾಡಿ, ಮದ್ದು ಎರಡರಷ್ಟು ಸುರಿದು, ಅದೇ ಅವನ್ನಿನಲ್ಲಿ ಮೊಸರಿನ ಪಾತ್ರೆಯ ಪಕ್ಕದಲ್ಲೇ ಇಟ್ಟೆ. ಬೆಂಕಿಯ ಪಕ್ಕ ಆ ಆವಿ! ಮನೆ ಹೊತ್ತಿಕೊಳ್ಳದೆ ಉಳಿದದ್ದು ಯಾವ ದೇವರ ಕೃಪೆಯೋ. ರೆಸಿನ್ ಹೆಪ್ಪಾಗುವಾಗ ತಾನೇ ಕಾದು ಬಿಸಿಯಾಗುತ್ತದೆ ಎನ್ನುವುದನ್ನು ಬಿ.ಎಸ್ಸಿ. ಓದಿದವಳು ಮರೆತಿದ್ದೆ. ತುಂಡು ಹೊಗೆಯಾಡಿ, ಹಳದಿಯಾಗಿ, ಅಡ್ಡಡ್ಡ ಸೀಳಿತು. ತೆಗೆದು ಹಿತ್ತಲಿಗೆ ಎಸೆದು, ಕಿಟಕಿಗಳನ್ನೆಲ್ಲ ತೆರೆದೆ. ಮೊಸರನ್ನು ಮಾತ್ರ ಮರೆತೆ.

ಆ ಸಂಜೆ ಊಟಕ್ಕೆ ಡಾಕ್ಟರ್ ಶ್ರೀಕಂಠಯ್ಯ ಮತ್ತು ಅವರ ಹೆಂಡತಿ ಕಮಲಮ್ಮ ಬಂದಿದ್ದರು. ಸುತ್ತಲಿನ ಕನ್ನಡದವರಿಗೆಲ್ಲ ಹಿರಿಯರಂತಿದ್ದ ಮೈಸೂರಿನ ದಂಪತಿ. ಹುಳಿ, ಪಲ್ಯ ಎಲ್ಲ ಚೆನ್ನಾಗಿಯೇ ಹೋಯಿತು. ಮೊಸರನ್ನದ ಮೊದಲ ತುತ್ತಿಗೆ ಕಮಲಮ್ಮನ ಕೈ ನಿಂತಿತು.

"ಇದೇನ್ರೀ ಸುಮಿತ್ರಾ, ಮೊಸರಲ್ಲಿ ಪೇಂಟ್ ವಾಸನೆ?"

ರಂಗನಾಥ್ ತಾವೂ ಒಂದು ತುತ್ತು ಬಾಯಿಗಿಟ್ಟು, ಕಣ್ಣು ಮುಚ್ಚಿಕೊಂಡರು. ವಿಷಯವೆಲ್ಲ ಹೊರಬಿತ್ತು. ಡಾಕ್ಟರು ಬಿದ್ದು ಬಿದ್ದು ನಕ್ಕರು. ಕಮಲಮ್ಮ ಮಾತ್ರ ನನ್ನ ಕೆರೆದ ಕೈಗಳನ್ನು ನೋಡಿ, "ಒಂದು ಮಗು ಅಂತ ಆದ್ರೆ ಇದೆಲ್ಲ ತಾನೇ ಬಿಟ್ಟುಹೋಗತ್ತೆ ಬಿಡಿ," ಎಂದರು. ಮದುವೆಯಾಗಿ ಐದು ವರ್ಷವಾಗಿತ್ತು. ಆ ಮಾತು ಚುಚ್ಚಿತು. ನಾನು ಅಳುವವಳೇ ಇದ್ದೆ, ಆದರೆ ಬಾಯಿಂದ ಬಂದದ್ದು ಬೇರೆ.

"ಬಿಡೂದಿಲ್ರೀ. ಯುಗಾದಿ ಕಾರ್ಯಕ್ರಮಕ್ಕ ಆ ಕಾರಿನಾಗ ಬರ್ತೀನಿ. ನಾನೇ ಡ್ರೈವ್ ಮಾಡ್ಕೋತ, ರೇಷ್ಮಿ ಸೀರಿ ಉಟ್ಕೊಂಡು."

ರಂಗನಾಥರಿಗೆ ಅವಮಾನವಾಗಿತ್ತು, ಮೊಸರಿನದೋ ನನ್ನದೋ ಗೊತ್ತಿಲ್ಲ. "ಆ ಬಾತ್‌ಟಬ್ಬು ಬಾಗಿಲು ಇಟ್ಕೊಂಡು ರಸ್ತೆಗಿಳಿದ್ರೆ, ಪಕ್ಕದಲ್ಲಿ ನಾನೇ ಕೂತು ಬರ್ತೀನಿ. ಇಲ್ದಿದ್ರೆ ಅದು ಸ್ಕ್ರ್ಯಾಪ್‌ಗೆ," ಎಂದರು. ಡಾಕ್ಟರು ಮೇಜು ಕುಟ್ಟಿ, "ರಂಗಣ್ಣ, ನಾನು ಸಾಕ್ಷಿ. ಮಾತು ಮಾತೇ," ಎಂದರು. ಪಂಥ ಅಂದಿಗೆ ಗಟ್ಟಿಯಾಯಿತು. ನಾನು ಸೋತರೆ ಕಾರು ಹೋಗುವುದಷ್ಟೇ ಅಲ್ಲ. ನಿನಗೆ ಹೋಗುವುದಾದರೂ ಎಲ್ಲಿಗೆ ಎನ್ನುವ ಮಾತು ನನ್ನ ಜೀವಮಾನದ ಸತ್ಯವಾಗಿಬಿಡುತ್ತಿತ್ತು.

ಮರುದಿನ ಬೆಳಗ್ಗೆ ಅವರು ಟ್ರೇನಿಗೆ ಹೋದ ಮೇಲೆ ಗ್ಯಾರೇಜಿಗೆ ಹೋದೆ. ಎರಡೂ ಪಕ್ಕಕ್ಕೆ ಪೆನ್ಸಿಲಿನಲ್ಲಿ ಬಾಗಿಲಿನ ಗೆರೆ ಎಳೆದಿಟ್ಟಿದ್ದೆ. ಒದ್ದೆ ಬಟ್ಟೆ ತಗೊಂಡು ಬಲಪಕ್ಕದ, ಅಂದರೆ ಪಕ್ಕದಲ್ಲಿ ಕೂರುವವರ ಕಡೆಯ ಗೆರೆಯನ್ನು ಚೆನ್ನಾಗಿ ಒರೆಸಿ ಹಾಕಿದೆ.

ಜನವರಿಯಿಡೀ ಲಕೋಟೆಯ ಕೆಲಸ. ಮಸಾಲೆ ಡಬ್ಬದ ಕೆಳಗಿದ್ದ ಆ ಚಿತ್ರವನ್ನು ಗ್ಯಾರೇಜಿನ ಗೋಡೆಗೆ ಅಂಟಿಸಿದೆ. ಸೇತುವೆ ಕಟ್ಟುವವರು ಇಲ್ಲಿ ಸೀಳುತ್ತದೆ ಎಂದು ಬಾಣ ಹಾಕಿ ತೋರಿಸಿದ ಮೇಲೆ, ಎಲ್ಲಿ ಬಲ ಕೊಡಬೇಕೆಂದು ನಾನು ಬೇರೆ ಯಾರನ್ನು ಕೇಳಲಿ? ಯಾರೋ ಹೊರಗಿಟ್ಟಿದ್ದ ಹಳೆಯ ಮಂಚದ ಕಬ್ಬಿಣದ ಪಟ್ಟಿಗಳನ್ನು ಡೊಲೋರೆಸ್ ಹೊತ್ತು ತಂದಳು. ಅವುಗಳನ್ನು ಆ ಎರಡು ಜಾಗಗಳಲ್ಲಿ ಒಳಗಿನಿಂದ ತಳಕ್ಕೆ ಬೋಲ್ಟು ಹಾಕಿ, ಮೇಲೆ ಪದರದ ಮೇಲೆ ಪದರ, ಒಟ್ಟು ಏಳು ಪದರ ಮೆತ್ತಿದೆ. ಈ ಸಲ ಅವಸರವಿಲ್ಲ. ಮದ್ದು ಹನಿ ಎಣಿಸಿ ಹಾಕಿದೆ. ರೆಸಿನ್ ಕಲಸುವ ಮೊದಲು ವಿದ್ಯುತ್ ಹೀಟರಿನಿಂದ ಗ್ಯಾರೇಜನ್ನು ಬೆಚ್ಚಗೆ ಮಾಡಿ, ಹೀಟರನ್ನು ಹೊರಗಿಟ್ಟು ಕೆಲಸಕ್ಕೆ ಕೂತೆ. ಡೊಲೋರೆಸ್‌ಗೆ ಒಳಗೆ ಸಿಗರೇಟು ಬಂದ್. ಬೈದುಕೊಂಡೇ ಹಿಮದಲ್ಲಿ ನಿಂತು ಸೇದಿ ಬರುತ್ತಿದ್ದಳು.

ಕೊನೆಗೆ ಫೆಬ್ರವರಿಯ ಒಂದು ಮಧ್ಯಾಹ್ನ ಗರಗಸ ಹಿಡಿದೆ. ಅಷ್ಟು ದಿನ ಆಡಿದ್ದೆಲ್ಲ ಬಾಯಿಮಾತು. ಕತ್ತರಿಸಿದರೆ ವಾಪಸಿಲ್ಲ. ಡೊಲೋರೆಸ್ ಚಿಪ್ಪಿನ ಅಂಚಿನ ಮೇಲೆ ತನ್ನ ಭಾರವೆಲ್ಲ ಹಾಕಿ ಹಿಡಿದುಕೊಂಡಳು. "ಕಟ್ ಇಟ್," ಎಂದಳು. ಬಿಳಿ ಪುಡಿ ಮುಖ, ಕೂದಲು, ಸೆರಗಿನ ತುಂಬ ಹಾರಿತು. ಮೂರು ಕಡೆಯ ಗೆರೆ ಮುಗಿದು ತುಂಡು ಕೈಗೆ ಬಂದಾಗ ಡೊಲೋರೆಸ್ ಮೆಲ್ಲಗೆ ಅಂಚಿನಿಂದ ಕೈ ತೆಗೆದಳು. ಚಿಪ್ಪು ಕಿರುಗುಟ್ಟಲಿಲ್ಲ, ಕುಸಿಯಲಿಲ್ಲ. ನಾನು ನೆರಿಗೆ ಸ್ವಲ್ಪವೇ ಎತ್ತಿ, ಮೊಣಕಾಲಿಗಿಂತ ಕೆಳಗೆ ಉಳಿದಿದ್ದ ಹೊಸ್ತಿಲು ದಾಟಿ, ಒಳಗೆ ಹೋಗಿ ಸ್ಟೀರಿಂಗ್ ಹಿಡಿದು ಕೂತೆ. ಆಮೇಲೆ ಅತ್ತೆ. ಗೇಟಿನ ಕೀಲು, ಗುಜರಿಯ ಚಿಲಕ ಕೂರಿಸಿ ಬಾಗಿಲು ತೂಗುಹಾಕಲು ಇನ್ನೆರಡು ವಾರ ಹಿಡಿಯಿತು.

ಆ ಚಳಿಗಾಲವೇ ಊರಿಗೆಲ್ಲ ಪೆಟ್ರೋಲಿನ ಬರ. ಒಂದು ದಿನ ಬೆಸ ನಂಬರಿನ ಕಾರುಗಳಿಗೆ, ಮರುದಿನ ಸರಿ ನಂಬರಿನವಕ್ಕೆ ಎಂದು ಬಂಕುಗಳ ಮುಂದೆ ಮೈಲುದ್ದ ಸಾಲು. ರಂಗನಾಥ್ ತಮ್ಮ ಸ್ಟೇಷನ್ ವ್ಯಾಗನ್ನಿನಲ್ಲಿ ಕೂತು ಆ ಸಾಲಿನಲ್ಲಿ ಪೇಪರು ಓದಿ ಮುಗಿಸುತ್ತಿದ್ದರು. ಮಾರ್ಚಿನಲ್ಲಿ ನನ್ನ ಕಾರು ಸಿದ್ಧವಾದಾಗ ಅದಕ್ಕೆ ಬೇಕಾದ ಪೆಟ್ರೋಲು ಅವರದರ ಅರ್ಧವೂ ಅಲ್ಲ. ನಾನೇನೂ ಹೇಳಲಿಲ್ಲ. ಹೇಳದೆ ಇರುವುದರಲ್ಲಿಯೂ ಒಂದು ಸುಖವಿದೆ.

ಸರ್ಕಾರದ ಇನ್‌ಸ್ಪೆಕ್ಷನ್ನಿನಲ್ಲಿ ಬ್ರೇಕು, ದೀಪ, ಹಾರನ್ನು, ವೈಪರು ಎಲ್ಲ ನೋಡಿದ ಮುದುಕ ಇನ್‌ಸ್ಪೆಕ್ಟರ್ ಕೊನೆಗೆ ಬಾಗಿಲನ್ನು ಮೂರು ಸಲ ತೆಗೆದು ಹಾಕಿ ನೋಡಿದ. ಇದಕ್ಕೆ ಬಾಗಿಲಿರುತ್ತದೆಂದು ಗೊತ್ತಿರಲಿಲ್ಲ ಎಂದ. ಇರಲಿಲ್ಲ, ಈಗ ಇದೆ ಎಂದೆ. ಸ್ಟಿಕರ್ ಅಂಟಿಸಿ ಕೊಟ್ಟ. ನನ್ನ ಪರೀಕ್ಷೆ ಇನ್ನೂ ಬಾಕಿಯಿತ್ತು. ಬಾಗಿಲು ಮತ್ತು ಮೈ ನಡುವಿನ ಸಂದಿಯಲ್ಲಿ ಒಂದು ನಾಣ್ಯ ಸರಿಯಾಗಿ ಹೋಗಿ ಬರುವಷ್ಟು ಜಾಗ ಬಿಟ್ಟಿದ್ದೆ. ಮನ್‌ಮತ್ ಜಂಕ್ಷನ್ನಿನ ಹತ್ತಿರದ ರೈಲು ಹಳಿಗಳ ಮೇಲೆ, ಎಲುಬು ಅಲುಗುವ ಹಾಗೆ, ಹತ್ತು ಸಲ ಆ ಕಡೆಯಿಂದ ಈ ಕಡೆಗೆ ಓಡಿಸಿದೆ. ಇಳಿದು ನಾಣ್ಯ ತೂರಿಸಿದೆ. ಮೇಲೆ, ಕೆಳಗೆ, ಪಕ್ಕದಲ್ಲಿ, ಎಲ್ಲೆಡೆ ಮೊದಲಿನಷ್ಟೇ ಹಿಡಿಯಿತು.

ಯುಗಾದಿಯ ಕಾರ್ಯಕ್ರಮ ಜರ್ಸಿ ಸಿಟಿಯಲ್ಲಿ, ಒಂದು ಚರ್ಚಿನ ಬೇಸ್‌ಮೆಂಟಿನಲ್ಲಿ. ಪಂಚಾಂಗ ಓದುವವರು ರಂಗನಾಥರೇ; ಹಾಗಾಗಿ ರೇಷ್ಮೆ ಪಂಚೆ, ಶಲ್ಯ, ಮೇಲೊಂದು ಓವರ್‌ಕೋಟು. ನಾನು ಇಳಕಲ್ ರೇಷ್ಮೆ ಉಟ್ಟು, ಬಾಗಿಲು ತೆರೆದು ಕೂತೆ. ಅವರು ಸುತ್ತಿ ಬಂದು ಬಲಗಡೆ ನಿಂತರು. ಕೈಯಿಂದ ಆ ನುಣುಪು ಗೋಡೆಯನ್ನು ಸವರಿದರು.

"ನನ್ನ ಕಡೆ ಬಾಗಿಲು?"

"ಕೊರದ್ರ ಮಡಚ್ಕೋತದ ಅಂದಿದ್ರಲ್ಲ. ಅದಕ್ಕ ಒಂದ ಕೊರದೆ."

ವ್ಯಾಗನ್ ಅಲ್ಲೇ ನಿಂತಿತ್ತು, ಕೀಲಿಕೈ ಅವರ ಜೇಬಿನಲ್ಲೇ ಇತ್ತು. ಅವರು ಅದರ ಕಡೆ ಒಮ್ಮೆ ನೋಡಿದರು. ನಂತರ ಪಂಚೆಯನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿ, ಪಂಚಾಂಗವನ್ನು ನನ್ನ ಕೈಗೆ ಕೊಟ್ಟು, ಕಾಲೆತ್ತಿ ದಾಟಿ ಒಳಗೆ ಜಾರಿದರು. ರೂಟ್ ಒನ್ನಿನುದ್ದಕ್ಕೂ ಗಾಳಿ ಕಿವಿ ಕತ್ತರಿಸುತ್ತಿತ್ತು. ಪ್ರತಿ ಹೊಂಡಕ್ಕೂ ಅವರ ಕಣ್ಣು ನನ್ನ ಬಾಗಿಲಿನ ಸಂದಿಯ ಮೇಲೆ. ನ್ಯೂವಾರ್ಕ್ ದಾಟುವ ಹೊತ್ತಿಗೆ ನೋಡುವುದನ್ನು ನಿಲ್ಲಿಸಿದರು.

ಚರ್ಚಿನ ಮುಂದೆ ಡಾಕ್ಟರು, ಕಮಲಮ್ಮ, ಇನ್ನೂ ಮೂವತ್ತು ನಲವತ್ತು ಜನ ಕಾದಿದ್ದರು. ನಾನು ಬಾಗಿಲು ತೆರೆದು, ನೆರಿಗೆ ಕದಲದ ಹಾಗೆ ಇಳಿದು, ಬಾಗಿಲು ಹಾಕಿದೆ. ಟಕ್ಕೆಂದು ಒಂದೇ ಸದ್ದಿಗೆ ಮುಚ್ಚಿಕೊಂಡಿತು. ರಂಗನಾಥ್ ಮತ್ತೆ ಪಂಚೆ ಎತ್ತಿ ಕಟ್ಟಿ, ಎಲ್ಲರೆದುರು ಗೋಡೆ ಹತ್ತಿ ಇಳಿದರು. ಮಕ್ಕಳು ಕೇಕೆ ಹಾಕಿದರು. ಅವರು ಶಲ್ಯ ಸರಿ ಮಾಡಿಕೊಂಡು, ಡಾಕ್ಟರಿಗೆ ಕೇಳುವಂತೆ, ಎಲ್ಲರಿಗೂ ಕೇಳುವಂತೆ ಹೇಳಿದರು: "ಬಾಗಿಲು ನಿಂತಿದೆ ಡಾಕ್ಟ್ರೇ. ನನ್ನ ಲೆಕ್ಕ ತಪ್ಪು."

ಅವರ ಲೆಕ್ಕ ತಪ್ಪಾಗಿರಲಿಲ್ಲ. ಆ ಎರಡು ಬಾಣಗಳಿಲ್ಲದಿದ್ದರೆ ಬಾಗಿಲು ನಿಲ್ಲುತ್ತಿರಲಿಲ್ಲ. ಅದನ್ನು ನಾನು ಅಂದು ಹೇಳಲಿಲ್ಲ. ಆಮೇಲೂ ಹೇಳಲಿಲ್ಲ.

ಜೂನಿನ ಒಂದು ಭಾನುವಾರ ಅವರು ಗ್ಯಾರೇಜಿಗೆ ಬಂದು, ಗರಗಸ ಎಲ್ಲಿದೆ ಎಂದು ಕೇಳಿದರು. ಕೊಟ್ಟೆ. ಗೆರೆ ಎಳೆದುಕೊಡಲೇ ಎಂದು ನಾನು ಕೇಳಲಿಲ್ಲ, ಎಳೆದುಕೊಡು ಎಂದು ಅವರೂ ಕೇಳಲಿಲ್ಲ. ತಾವೇ ಅಳೆದು, ತಾವೇ ಬಲ ಕೊಟ್ಟು, ತಾವೇ ಕೊರೆದು, ಮೂರು ವಾರ ಮೈ ಕೆರೆದುಕೊಂಡು ತಮ್ಮ ಕಡೆಗೊಂದು ಬಾಗಿಲು ಮಾಡಿಕೊಂಡರು. ಸೇತುವೆ ಕಟ್ಟುತ್ತಿದ್ದ ಮನುಷ್ಯನ ಬಾಗಿಲು ಒಂದು ಬೆರಳು ಸೊಟ್ಟ ಬಂತು. ಆ ಕಾರು ನಮ್ಮ ಬಳಿ ಇನ್ನೂ ಹನ್ನೊಂದು ವರ್ಷ ಓಡಿತು. ಆಮೇಲೆ ಹುಟ್ಟಿದ ಮಗಳು ಅವರ ತೊಡೆಯ ಮೇಲೆ ಕೂತು ಕ್ರ್ಯಾನ್‌ಬರಿಯ ಹೊಲಗಳನ್ನೆಲ್ಲ ನೋಡಿದಳು. ಅಷ್ಟು ವರ್ಷವೂ ಅವರ ಬಾಗಿಲು ಪೂರ್ತಿ ಮುಚ್ಚಲಿಲ್ಲ. ಒಂದು ಕೈಯಲ್ಲಿ ಮಗಳನ್ನು, ಇನ್ನೊಂದು ಕೈಯಲ್ಲಿ ಬಾಗಿಲನ್ನು ಹಿಡಿದುಕೊಂಡೇ ಅವರು ನನ್ನ ಪಕ್ಕ ಕೂರುತ್ತಿದ್ದರು. ಸರಿ ಮಾಡಿಕೊಡು ಎಂದು ಒಂದು ದಿನವೂ ಕೇಳಲಿಲ್ಲ, ನಾನೂ ಮಾಡಿಕೊಡಲಿಲ್ಲ.